ನಲ್ಲಿಯಿಂದ ಮೂರನೆಯ ಕುಂಡ

ಜನವರಿ 9, ಗುರುವಾರ

ಕುಂಡಗಳಿಗೆ ನೀರಾಯಿತು. ಬಿಳಿ ಗುಲಾಬಿಯ ಪಕ್ಕದ ಮೊಗ್ಗುಗಳನ್ನೆಲ್ಲ ಚಿವುಟಿದೆ. ಒಂದೇ ಉಳಿಯಬೇಕು, ಅದೇ ದೊಡ್ಡದಾಗಬೇಕು. ನಮ್ಮ ಗುಲಾಬಿ ಸಂಘದ ವರ್ಷದ ಮೂರು ವಲಯ ಪ್ರದರ್ಶನಗಳಲ್ಲಿ ಎರಡು ಫಸ್ಟ್ ಬಂದರೆ ರಾಷ್ಟ್ರೀಯ ಪ್ರದರ್ಶನಕ್ಕೆ ಪ್ರವೇಶ. ನನಗೆ ಒಂದು ಬಂದಿದೆ. ಭಾನುವಾರ ಕೊನೆಯದು. ಆರು ವರ್ಷದಿಂದ ಹೀಗೆಯೇ — ಒಂದು ಬರುತ್ತದೆ, ಇನ್ನೊಂದು ಕೈಕೊಡುತ್ತದೆ. ಸಾಕಾಗಿದೆ.

ಕಣ್ಣಿನ ಮಂಜು ಹೆಚ್ಚಾಗಿದೆ. ಯಾರಿಗೂ ಹೇಳಿಲ್ಲ. ನಲ್ಲಿಯಿಂದ ಮೂರನೆಯ ಕುಂಡ ನನ್ನದು. ಕೈಯಲ್ಲಿ ಎಣಿಸಿದರೆ ಆಯಿತು. ನಾಲ್ಕನೆಯದು ಸೊಸೆಯದು, ನನ್ನ ಗಿಡದ ಕಡ್ಡಿ ನೆಟ್ಟು ಬೆಳೆಸಿದ್ದು. ಹೋದ ವರ್ಷ ಪ್ರದರ್ಶನಕ್ಕೆ ತಾನೂ ಹೆಸರು ಕೊಡುತ್ತೇನೆ ಎಂದಿದ್ದಳು. ಮೊದಲು ಕಲಿ ಎಂದೆ.

ಜನವರಿ 12, ಭಾನುವಾರ ಸಂಜೆ

ಬೆಳಕು ಹರಿಯುವ ಮೊದಲೇ ಹೂ ಕೊಯ್ದೆ. ಸೊಸೆ ಬಕೆಟ್ ಹಿಡಿದು ನಿಂತಿದ್ದಳು.

“ಅತ್ತೆ, ಆ ಕುಂಡ...”

“ನನ್ನ ಕುಂಡ ನನಗೆ ಗೊತ್ತು. ನೀನು ಬಕೆಟ್ ನೆಟ್ಟಗೆ ಹಿಡಿ.”

ಫಸ್ಟ್ ಬಂತು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳು ಅವಳೇ.

ಜನವರಿ 13

ನೀರು ಹಾಕುವಾಗ ನಾಲ್ಕನೆಯ ಕುಂಡದಲ್ಲಿ ಕೈಗೆ ಹೂ ತಗುಲಿತು. ದಳಗಳು ಉದುರಿದವು. ಕುಂಡದ ಬಾಯಿ ತಡವಿದೆ — ಅಂಚು ಒಡೆದಿದೆ. ಅಂಚು ಒಡೆದದ್ದು ನನ್ನ ಕುಂಡವೊಂದೇ. ಶುಕ್ರವಾರ ಗಾಳಿ ಜೋರಿತ್ತು, ಎಲ್ಲವನ್ನೂ ಗೋಡೆಯ ಮರೆಗೆ ಸರಿಸು ಎಂದು ಸೊಸೆಗೆ ಹೇಳಿದವಳು ನಾನು. ಮತ್ತೆ ಜೋಡಿಸುವಾಗ ಅದಲುಬದಲಾಗಿದೆ. ಗೆದ್ದದ್ದು ಸೊಸೆಯ ಹೂ.

“ಯಾಕೆ ಬಾಯಿ ಬಿಡಲಿಲ್ಲ?”

“ಬಿಟ್ಟೆ. ನೀವು ಬಕೆಟ್ ಹಿಡಿ ಅಂದ್ರಿ.”

ಜನವರಿ 20

ರಾಷ್ಟ್ರೀಯದ ಅರ್ಜಿ ಬಂದಿದೆ. ಸಣ್ಣಕ್ಷರ. ಸೊಸೆಯೇ ಓದಿದಳು. ‘ಗೆದ್ದ ಹೂಗಳ ಗಿಡಗಳನ್ನು ನಾನೇ ಬೆಳೆಸಿದ್ದೇನೆ.’ ಅದರ ಕೆಳಗೆ ಸಹಿ.

“ಹಾಕಿ ಅತ್ತೆ. ನಂಗೇನೂ ಬೇಜಾರಿಲ್ಲ.”

ಆ ಮಾತೇ ಚುಚ್ಚಿತು.

ಜನವರಿ 22

ಸಂಘದ ಕಾರ್ಯದರ್ಶಿಯ ಗಡಿಯಾರ ರಿಪೇರಿ ಅಂಗಡಿಗೆ ಹೋದೆ. ನಡೆದದ್ದು ಹೇಳಿದೆ.

“ನಿಮ್ಮನ್ನ ಯಾರಮ್ಮ ಕೇಳಿದ್ರು? ಒಂದೇ ಮನೆ, ಒಂದೇ ತಾರಸಿ. ಹೂವಿನ ಜೊತೆ ನಾರೂ ಸ್ವರ್ಗಕ್ಕೆ ಹೋಗುತ್ತೆ ಬಿಡಿ.”

“ನಾರಾಗೋಕೆ ನನ್ನಿಂದಾಗಲ್ಲ. ಬಹುಮಾನ ಸೊಸೆ ಹೆಸರಿಗೆ ಮಾಡಿ.”

“ಅವರ ಹೆಸರು ಪಟ್ಟಿಯಲ್ಲೇ ಇಲ್ವಲ್ಲ.”

ಇಲ್ಲ. ಇಲ್ಲದಂತೆ ಮಾಡಿದವಳು ನಾನು. ಫಸ್ಟ್ ಎರಡನೆಯವರಿಗೆ ಹೋಯಿತು. ನನಗೂ ಇಲ್ಲ, ಅವಳಿಗೂ ಇಲ್ಲ. ಬಸ್ಸಿನಲ್ಲಿ ಯಾರೋ ಸೀಟು ಬಿಟ್ಟರು. ಕೂರಲಿಲ್ಲ.

ಫೆಬ್ರವರಿ 16

ಸಂಘದ ಹೊಸ ಸಾಲಿನ ಮೊದಲ ವಲಯ ಪ್ರದರ್ಶನಕ್ಕೆ ಸೊಸೆಯ ಹೆಸರು ಕೊಟ್ಟು ಬಂದೆ.

“ನಿಮ್ಮದು?” ಎಂದು ಸೊಸೆ ಕೇಳಿದಳು.

“ಈ ವರ್ಷ ಸುಸ್ತು.”

“ಕಣ್ಣು ಅನ್ನಿ ಅತ್ತೆ.”

ಅವಳಿಗೆ ಗೊತ್ತಿದೆ. ಎಷ್ಟು ದಿನದಿಂದಲೋ. ಬುಧವಾರ ಡಾಕ್ಟರ ಹತ್ತಿರ ಹೋಗೋಣ ಎಂದಳು. ಕೇಳಿದ್ದಲ್ಲ, ಹೇಳಿದ್ದು. ನನ್ನ ಮನೆಯಲ್ಲಿ, ನನಗೆ.

ಈಗ ತಾರಸಿಯಿಂದ ಕೂಗುತ್ತಿದ್ದಾಳೆ, ಗಿಡದ ಕತ್ತರಿ ಎಲ್ಲಿಟ್ಟಿದ್ದೀರಿ ಎಂದು. ಮೂವತ್ತು ವರ್ಷದಲ್ಲಿ ಅದನ್ನು ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ. ಬೀರುವಿನಲ್ಲಿದೆ, ಬಟ್ಟೆ ಸುತ್ತಿ. ಅವಳು ಹುಡುಕುವುದು ಬೇಡ. ನಾನೇ ಕೊಡುತ್ತೇನೆ. ಏಳಬೇಕು, ಮತ್ತೆ ಕೂಗುತ್ತಿದ್ದಾಳೆ.