ಅವ್ವ ಬರೆಸದ ಸಾಲು

ರೋಜಕ್ಕನಿಗೆ,

ಬದನವಾಳಿನಿಂದ ಸಣ್ಣತಾಯಿ ಬರೆಯುವುದು. ಎದುರಿಗೆ ಬಂದು ಹೇಳುವಷ್ಟು ಬಾಯಿ ನನಗೆ ಎಂದೂ ಇರಲಿಲ್ಲ, ನಿನಗೆ ಗೊತ್ತು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಖಾದಿ ಕೇಂದ್ರಕ್ಕೆ ನೂಲು ತೆಗೆಯಲು ಸೇರಿದವಳು ನಾನು. ಮಾತಾಡಬೇಕಾದ ಕಡೆಯೆಲ್ಲ ತಲೆ ಬಗ್ಗಿಸಿ ರಾಟೆ ತಿರುಗಿಸಿದವಳು.

ಆಗ ನಮ್ಮ ಬೀದಿಯ ಕಾಗದಗಳನ್ನೆಲ್ಲ ನಾನೇ ಬರೆಯುತ್ತಿದ್ದೆ. ಹೆಚ್ಚಿನವು ತಿಥಿಯ ಕಾರ್ಡುಗಳು. ಸಾವಿನ ಕಾರ್ಡನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಓದಿ, ಬಾಗಿಲಲ್ಲೇ ಹರಿದು ಬಿಸಾಡುತ್ತಾರೆ. ನಾನು ಬರೆದದ್ದೆಲ್ಲ ಚರಂಡಿ ಸೇರುತ್ತಿತ್ತು. ವಾರಪತ್ರಿಕೆಗೆ ಕಳಿಸಿದ ಮೂರು ಕಥೆಗಳೂ ವಾಪಸ್ ಬಂದಿದ್ದವು. ಪಕ್ಕದ ರಾಟೆಯ ವೆಂಕಟಮ್ಮ, "ಏನವ್ವಾ ಪಂಡಿತೆ, ನಿನ್ ಕತೆ ಮೈಸೂರ್ ನೋಡ್ಕಂಡು ವಾಪಸ್ ಬಂತಾ?" ಎಂದು ಎಲ್ಲರಿಗೂ ಕೇಳುವಂತೆ ನಗುತ್ತಿದ್ದಳು.

ತೊಂಬತ್ತಾರರಲ್ಲಿ ನೀನು ಮದುವೆಯಾಗಿ ನರಸೀಪುರದ ಕಡೆ ಹೋದೆ. ಅದೇ ವರ್ಷ ನಿನ್ನವ್ವ ಮರಿತಾಯಮ್ಮ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಳು. ಅವಳಿಗೆ ಅಕ್ಷರವಿಲ್ಲ, ನಿನಗಿತ್ತು. ನಡುವೆ ನಾನು. ಮೊದಲ ಕಾಗದಕ್ಕೆ ಅವಳು ಹೇಳಿದ್ದು ಇಷ್ಟೇ: "ಚೆಂದಾಗಿವಿ, ಹಸ ಈದೈತೆ ಅಂತ ಬರಿ." ನಾನು ಬರೆದದ್ದು: "ನೀನು ಹೋದಾಗಿನಿಂದ ಹಸು ಬಾಗಿಲ ಕಡೆಗೇ ಮುಖ ಮಾಡಿ ಮಲಗುತ್ತದೆ. ಕರುವಿಗೆ ನಿನ್ನ ಹೆಸರೇ ಇಟ್ಟಿದ್ದೇನೆ."

ಸುಳ್ಳು. ಅದು ಗಂಡುಗರು.

ನಿನ್ನ ಉತ್ತರ ಬಂತು: "ಅವ್ವಾ, ಹಸುವಿನ ಮಾತು ಓದಿ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಹೀಗೇ ಬರೆಸುತ್ತಿರು." ಆ ಕೊನೆಯ ಮಾತನ್ನು ನಾನು ನಿನ್ನವ್ವನಿಗೆ ಓದಿ ಹೇಳಲಿಲ್ಲ. ಅದು ನನ್ನದು ಅನ್ನಿಸಿತು. ನನ್ನ ಬರಹಕ್ಕೆ ಅತ್ತವಳು ಜಗತ್ತಿನಲ್ಲಿ ನೀನೊಬ್ಬಳೇ. ಅಲ್ಲಿಂದ ಎರಡು ವರ್ಷ, ವಾಪಸ್ ಬಂದ ಕಥೆಗಳ ನೋವೇ ಇಲ್ಲದ ಹಾಗೆ ಬರೆದೆ. ರಾಟೆಯ ಮುಂದೆ ಕೂತಾಗಲೂ ಯಾವ ಸಾಲಿಗೆ ನೀನು ಅಳಬಹುದು ಎಂದೇ ಯೋಚನೆ.

ತೊಂಬತ್ತೆಂಟರ ಶ್ರಾವಣದಲ್ಲಿ ನಿನ್ನ ಆ ಕಾಗದ ಬಂತು. ನಿನ್ನ ಗಂಡ ನಟರಾಜ್ ಸೌದೆಯಲ್ಲಿ ಹೊಡೆದದ್ದು, ಎಡಗಿವಿಯಿಂದ ನೀರು ಸೋರುತ್ತಿರುವುದು, ಬರಲಾ ಎಂದು ಕೇಳಿದ್ದು. ಅದನ್ನು ಇದ್ದದ್ದು ಇದ್ದ ಹಾಗೆ ಓದಿದೆ. ನಿನ್ನವ್ವ ಮಲಗಿದ್ದಲ್ಲಿಂದಲೇ ನನ್ನ ಕೈ ಹಿಡಿದುಕೊಂಡಳು. "ಬಂದ್ಬುಡು ಅಂತ ಬರಿಯವ್ವಾ, ಈಗ್ಲೇ ಬರಿ. ಒಂದು ಮುದ್ದೆ ಇದ್ರೆ ಇಬ್ರೂ ಮುರ್ಕಂಡು ತಿಂತೀವಿ. ಅವನ ಮನೆ ಆಳಾಗೋಗ್ಲಿ."

ನಾನು ಪೆನ್ನು ತೆಗೆದೆ. ನೀನು ಬಂದರೆ ಕಾಗದಗಳು ನಿಂತುಹೋಗುತ್ತವೆ ಎಂದು ಹೊಳೆಯಿತು. ಮತ್ತೆ ತಿಥಿಯ ಕಾರ್ಡುಗಳು, ಮತ್ತೆ ವೆಂಕಟಮ್ಮನ ನಗು. ಬರೆದೆ: "ಮಗಳೇ, ನೂಲು ಹರಿಯಿತೆಂದು ರಾಟೆ ಬಿಟ್ಟು ಎದ್ದು ಹೋಗುತ್ತೇವೆಯೇ? ಕೂತಲ್ಲೇ ಕೂಡಿಸುತ್ತೇವೆ. ನೀನೂ ಅಲ್ಲೇ ಕೂತು ಕೂಡಿಸು. ಈ ಬಾಗಿಲು ಈಗ ನಿನ್ನದಲ್ಲ."

ನಿನ್ನವ್ವ ಜನ್ಮದಲ್ಲಿ ರಾಟೆ ಮುಟ್ಟಿದವಳಲ್ಲ ರೋಜಕ್ಕ. ನಿನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಯಾಕೆಂದರೆ ಆ ಸಾಲು ಚೆನ್ನಾಗಿತ್ತು.

"ನೀನೇ ಹೇಳಿದ ಮೇಲೆ ಇರುತ್ತೇನೆ" ಎಂದು ನೀನು ಬರೆದೆ. ಅದನ್ನು ಅವಳಿಗೆ "ಕಬ್ಬು ಕಡಿದ ಮೇಲೆ ಬರುತ್ತೇನೆ" ಎಂದು ಓದಿದೆ. ಕಬ್ಬು ಎರಡು ಸಲ ಕಡಿದಾಯಿತು. ಅವಳು ಬಾಗಿಲ ಕಡೆಗೆ ಮುಖ ಮಾಡಿಯೇ ಮಲಗುತ್ತಿದ್ದಳು, ನಾನು ಹಸುವಿನ ಬಗ್ಗೆ ಬರೆದ ಹಾಗೆ. ಹಾಗೆಯೇ ಹೋದಳು.

ಮೂರನೆಯ ದಿನ ಹಾಲುತುಪ್ಪಕ್ಕೆ ನೀನು ಬಂದೆ. ಕರೆದವರ ಕಡೆಗೆಲ್ಲ ಬಲಗಿವಿ ತಿರುಗಿಸುತ್ತಿದ್ದೆ. ಅವ್ವನನ್ನು ಮಣ್ಣು ಮಾಡಿದ ಗುಡ್ಡೆಗೆ ಬಿಡಲೆಂದು ಹಾಲಿನ ಚೊಂಬು ಕೈಗೆ ಕೊಟ್ಟರೆ ಕೆಳಗಿಟ್ಟು, "ಬರಬ್ಯಾಡ ಅಂದೋಳ ಗುಡ್ಡೆಗೆ ನಾನ್ಯಾಕೆ ಆಲು ಬುಡ್ಲಿ?" ಅಂದೆ. ನಾನು ಹಿಂದೆ ತುಪ್ಪದ ಬಟ್ಟಲು ಹಿಡಿದು ನಿಂತಿದ್ದೆ. ಎದೆ ಒಡೆಯಲಿಲ್ಲ. ಈ ಮಾತು ಮರೆತುಹೋಗದಿರಲಿ ಎಂದು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡೆ. ಅದೇ ಮಾತಿನಿಂದ ಶುರುಮಾಡಿದ ಕಥೆ ವಾರಪತ್ರಿಕೆಯಲ್ಲಿ ಬಂತು. ವೆಂಕಟಮ್ಮ ಅದನ್ನು ಓದಿಸಿಕೊಂಡು ಸೆರಗಿನಲ್ಲಿ ಕಣ್ಣೊರೆಸಿದಳು.

ಆರು ವರ್ಷವಾಯಿತು. ಇನ್ನೊಂದು ಕಥೆ ಕಳಿಸಿ ಎಂದು ಪತ್ರಿಕೆಯವರು ಕೇಳುತ್ತಲೇ ಇದ್ದಾರೆ. ಎರಡು ಸಾಲು ಬರೆಯುತ್ತೇನೆ, ಕೈ ನಿಲ್ಲುತ್ತದೆ. ಪಶ್ಚಾತ್ತಾಪ ಇರಬಹುದು ಎಂದುಕೊಂಡಿದ್ದೆ. ಅಲ್ಲ. ಓದುವುದಕ್ಕೆ ಆ ಕಡೆ ನೀನಿಲ್ಲ, ಅಷ್ಟೇ. ಇವತ್ತು ಮೇಲೆ ನಿನ್ನ ಹೆಸರು ಹಾಕಿದ್ದೇ ತಡ, ಒಂದು ಚಿತ್ತೂ ಇಲ್ಲದೆ ಇಲ್ಲಿಯವರೆಗೆ ಬಂದಿದ್ದೇನೆ.

ಕ್ಷಮಿಸು ಎಂದು ಬರೆಯಬಹುದಿತ್ತು. ಹಾಗೆ ಬರೆದರೆ ನೀನು ಮತ್ತೆ ನಂಬುತ್ತೀಯ.

ಒಂದೇ ಮಾತು ನಡೆಸಿಕೊಡು. ಓದಿದ ಮೇಲೆ ಇದನ್ನು ಸಾವಿನ ಕಾರ್ಡಿನಂತೆ ಹರಿದು ಹಾಕಬೇಡ. ನನ್ನ ಹತ್ತಿರ ಇದರ ಇನ್ನೊಂದು ಪ್ರತಿಯಿಲ್ಲ.

ಕಿವಿ ಹೋಯಿತು, ನಿನ್ನ ಕಣ್ಣಾದರೂ ಬಹುಕಾಲ ಚೆನ್ನಾಗಿರಲಿ ಎಂದು ಬೇಡಿಕೊಳ್ಳುವ,
ಸಣ್ಣತಾಯಿ