ಗುರುವಾರದ ಸೂಪು ಮತ್ತು ಹುಮ್ಮಸ್ಸಿನ ತರಗತಿ

ಉದ್ಯೋಗ ಕಚೇರಿಯ ಮುಖ್ಯಾಧಿಕಾರಿಗಳೇ,

ಕೆಲಸಕ್ಕೆ ಹೋದ ತಪ್ಪಿಗೆ ನನ್ನ ನಿರುದ್ಯೋಗ ಭತ್ಯೆಯನ್ನು ಹದಿನೈದು ದಿನ ನಿಲ್ಲಿಸಿದ್ದೀರಿ. ಅದೇ ವಾರ ಪತ್ರಿಕೆಯಲ್ಲಿ, ‘ಭತ್ಯೆ ಸಿಗುವವರೆಗೂ ಈ ಜನ ಕಡಿಮೆ ಸಂಬಳದ ಕೆಲಸಕ್ಕೆ ಮರಳುವುದಿಲ್ಲ’ ಎಂದೂ ಬರೆದಿದ್ದೀರಿ. ಎರಡನ್ನೂ ಬರೆದದ್ದು ಒಂದೇ ಕೈಯೇ? ಆ ಕೈಗೆ ನನ್ನ ನಮಸ್ಕಾರ.

ಇಪ್ಪತ್ತೆರಡು ವರ್ಷ ಶಾಲೆಯ ಅಡುಗೆಮನೆಯಲ್ಲಿದ್ದೆ. ಮಕ್ಕಳು ಕಡಿಮೆಯಾಗಿ ಶಾಲೆ ಮುಚ್ಚಿತು. ನನಗೆ ದುಡಿಯಲು ಮನಸ್ಸಿಲ್ಲವೆಂದು ನೀವೇ ಊಹಿಸಿ, ಪ್ರತಿ ಗುರುವಾರ ‘ದುಡಿಮೆಯ ಹುಮ್ಮಸ್ಸು’ ಎಂಬ ತರಗತಿಗೆ ಬರಬೇಕೆಂದು ಆಜ್ಞೆ ಮಾಡಿದಿರಿ. ಮೊದಲ ಗುರುವಾರ ಹೋದೆ. ಕನ್ನಡಿಯ ಮುಂದೆ ನಿಂತು ನಗುವುದನ್ನು ಕಲಿಸಿದರು. ಚೆನ್ನಾಗಿಯೇ ನಕ್ಕೆ.

ಎರಡನೆಯ ಗುರುವಾರ ಬೆಳಿಗ್ಗೆ ಆರಕ್ಕೆ ನಮ್ಮೂರ ವೃದ್ಧಾಶ್ರಮದ ಮೇಲ್ವಿಚಾರಕಿ ಮಿರ್ಯಾ ಫೋನು ಮಾಡಿದಳು.

“ಐಲಿ, ನಮ್ಮ ಅಡುಗೆಯವಳು ಹಿಮದಲ್ಲಿ ಜಾರಿ ಕೈ ಮುರ್ಕೊಂಡಿದಾಳೆ ಕಣೇ. ಸಂಬಳ ಶಾಲೇಲಿ ಸಿಗ್ತಿದ್ದಷ್ಟು ಇಲ್ಲ. ಇವತ್ತು, ನಾಳೆ ಬರ್ತೀಯಾ?”

“ಬಟಾಣಿ ನೆನೆ ಹಾಕಿದೀರಾ?” ಎಂದಷ್ಟೇ ಕೇಳಿದೆ.

ಗುರುವಾರ ಬಟಾಣಿ ಸೂಪಿನ ದಿನವೆಂದು ಫಿನ್‌ಲ್ಯಾಂಡಿನಲ್ಲಿ ಹುಟ್ಟಿದ ನಿಮಗೆ ಹೇಳಿಕೊಡಬೇಕೆ? ನಲವತ್ತು ಮಂದಿಗೆ ಸೂಪು, ಆಮೇಲೆ ಜಾಮು ಹಚ್ಚಿದ ಪ್ಯಾನ್‌ಕೇಕು. ಒಂದು ಕಾಲದಲ್ಲಿ ನದಿಯಲ್ಲಿ ಮರದ ದಿಮ್ಮಿ ತೇಲಿಸಿ ಸಾಗಿಸುತ್ತಿದ್ದ ಮುದುಕ ಊರ್ಹೊ ಎರಡು ಬಟ್ಟಲು ಮುಗಿಸಿ, “ಏನವ್ವಾ, ನೀನು ಕೆಲಸ ಇಲ್ಲದೋಳಂತೆ! ಹಂಗಾದ್ರೆ ಈ ಸೂಪು ತಾನಾಗೇ ಬೆಂತಾ?” ಎಂದ.

ಭತ್ಯೆ ನಿಂತ ಮೇಲೆ ನಿಮ್ಮ ಕಚೇರಿಗೆ ಬಂದೆ. ಗುಮಾಸ್ತೆ ಕೇಳಿದಳು, “ತರಗತಿ ಯಾಕೆ ತಪ್ಪಿಸಿದ್ರಿ?”

“ಕೆಲಸಕ್ಕೆ ಹೋಗಿದ್ದೆ.”

“ಮೊದಲೇ ತಿಳಿಸಬೇಕಿತ್ತು.”

“ಅಡುಗೆಯವಳೇನು ಮೊದಲೇ ತಿಳಿಸಿ ಬಿದ್ಲೇನಮ್ಮಾ?”

ಗುಮಾಸ್ತೆ ನಕ್ಕಳು. ಕಾಗದ ನಗಲಿಲ್ಲ.

ಮಾನ್ಯರೇ, ಕಡಿಮೆ ಸಂಬಳಕ್ಕೆ ನಾವು ಹೆದರುವುದಿಲ್ಲ. ಎರಡು ದಿನ ದುಡಿದು ಹದಿನೈದು ದಿನದ ರೊಟ್ಟಿ ಕಳೆದುಕೊಳ್ಳಲು ಹೆದರುತ್ತೇವೆ. ಇದು ಸೋಮಾರಿತನವೇ? ನೀವಾದರೆ ಹೋಗುತ್ತಿದ್ದಿರಾ?

ಅಡುಗೆಯವಳ ಕೈ ಕೂಡುವವರೆಗೆ ಪ್ರತಿ ಗುರುವಾರ, ಶುಕ್ರವಾರ ಬಾ ಎಂದಿದ್ದಾಳೆ ಮಿರ್ಯಾ. ಇನ್ನೊಮ್ಮೆ ತರಗತಿ ತಪ್ಪಿಸಿದರೆ ಭತ್ಯೆಯೇ ರದ್ದು ಎಂದಿದ್ದೀರಿ ನೀವು. ಎರಡು ದಿನದ ಕೂಲಿ ಮನೆ ಬಾಡಿಗೆಗೂ ಸಾಲದು. ಆದರೂ ಈ ಗುರುವಾರ ನಾನು ಅಡುಗೆಮನೆಗೇ ಹೋಗುತ್ತೇನೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು: ತರಗತಿಯಿಂದ ನನ್ನನ್ನು ಬಿಡಿ, ನಿಲ್ಲಿಸಿದ್ದನ್ನು ಕೊಡಿ. ಆಗದಿದ್ದರೆ ರದ್ದತಿಯ ಆದೇಶದಲ್ಲಿ ಸುತ್ತಿ ಬಳಸದೆ, ‘ಕಾರಣ: ಕೆಲಸಕ್ಕೆ ಹೋದಳು’ ಎಂದೇ ಬರೆದು, ಕೆಳಗೆ ನಿಮ್ಮದೇ ಸಹಿ ಹಾಕಿ ಕಳುಹಿಸಿ. ಊಟದ ಕೋಣೆಯ ಬಾಗಿಲಿಗೆ ಅಂಟಿಸುತ್ತೇನೆ. ನಲವತ್ತು ಮಂದಿಯೂ ಕನ್ನಡಕ ಒರೆಸಿಕೊಂಡು ಕಾದಿದ್ದಾರೆ.

ಇಂತಿ,
ನಿಮ್ಮ ಕಡತದ ಪ್ರಕಾರ ದುಡಿಯಲು ಮನಸ್ಸಿಲ್ಲದ,
ಐಲಿ ಕೊರ್ಪೆಲಾ