ಅಪ್ಪ ಕೊಟ್ಟ ಮುಖ

ಸರ್ಕಸ್ಸಿನ ಚಳಿಗಾಲದ ಬಿಡಾರ, ಒಕ್ಲಹೋಮಾ
ಡಿಸೆಂಬರ್ ೩, ೧೯೫೩

ಪ್ರೀತಿಯ ನೆಲ್ಡಕ್ಕನಿಗೆ,

ನಿನ್ನ ಮೂರು ಕಾಗದಗಳೂ ಸೇರಿವೆ. ಉತ್ತರ ಬರೆಯದಿದ್ದುದಕ್ಕೆ ಬೈಯಬೇಡ. ಅಪ್ಪನ ಸುದ್ದಿ ಬಿಟ್ಟು ಬರೆಯುವಂತಿರಲಿಲ್ಲ, ಬರೆಯಲು ಧೈರ್ಯವೂ ಇರಲಿಲ್ಲ. ಭಾವನಿಗೆ ಕಾರ್ಖಾನೆಯಲ್ಲಿ ಹಗಲು ಪಾಳಿ ಸಿಕ್ಕಿತೆಂದು ಓದಿ ಸಂತೋಷವಾಯಿತು. ಇಲ್ಲಿ ಚಳಿ ಜೋರು. ಆನೆಗಳ ಕೊಟ್ಟಿಗೆಯಲ್ಲಿ ಹಗಲೂ ಒಲೆ ಉರಿಸುತ್ತಿದ್ದಾರೆ. ನಾನೂ ಹೇಜಲ್ ಅತ್ತೆಯೂ ಬರುವ ವರ್ಷದ ಬಟ್ಟೆಗಳಿಗೆ ಮಣಿ ಹೊಲಿಯುತ್ತಿದ್ದೇವೆ.

ಆಗಸ್ಟಿನಲ್ಲಿ ಕಾನ್ಸಸ್‌ನಲ್ಲಿ ಲಕ್ವ ಹೊಡೆದ ಮೇಲೆ ಅಪ್ಪನ ಬಲಗೈ ಏಳುವುದಿಲ್ಲ, ಬಲಗಡೆಯ ತುಟಿ ಇಳಿಬಿದ್ದಿದೆ. ಆದರೂ ಮೊನ್ನೆಮೊನ್ನೆಯವರೆಗೆ ದಿನಾ ಬೆಳಿಗ್ಗೆ ಎಡಗೈಯಲ್ಲೇ ಬಣ್ಣ ಹಚ್ಚಿಕೊಂಡು ಜೋಕರ್ ಟರ್ನಿಪ್ ಆಗುತ್ತಿದ್ದ. ಆಟದಲ್ಲಿ ಹಿಡಿಯುತ್ತಿದ್ದ ಗಾಜಿಲ್ಲದ ಆ ಕಿಟಕಿ ಚೌಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಇಲ್ಲದ ಗಾಜಿಗೆ ಬಾಯಿಂದ ಊದಿ ಊದಿ ಒರೆಸುತ್ತಿದ್ದ. ಮಾರ್ಚಿನಲ್ಲಿ ಡೇರೆ ಎದ್ದಾಗ ತಾನೇ ಆಟಕ್ಕೆ ಇಳಿಯುತ್ತೇನೆಂದು ಅವನ ನಂಬಿಕೆ.

ಚಿತ್ರ ಬರೆಯುವ ಹುಚ್ಚೂ ಕಡಿಮೆಯಾಗಿರಲಿಲ್ಲ. ಬಂಡಿಗಳ ಮೇಲೆ ಊರೂರಿನ ಪ್ರೇಕ್ಷಕರ ಮುಖ ಬರೆಯುತ್ತಾನಲ್ಲ, ಅದರಲ್ಲಿ ನಗುವ ಮುಖ ಒಂದೂ ಇಲ್ಲ. ಯಾಕೆಂದು ಹೇಜಲ್ ಅತ್ತೆ ಕೇಳಿದ್ದಕ್ಕೆ, "ನಗೋರನ್ನ ಕೆಲಸದಲ್ಲಿ ನೋಡ್ತೀನಿ, ರಜಾದಲ್ಲೂ ನೋಡ್ಬೇಕಾ?" ಎಂದ. ಮಾಲೀಕ ಡ್ರಿಸ್ಕಲ್ ಅವರ ಕಾರಿನ ಬಾಗಿಲ ಮೇಲೆ ಅವರ ಹೆಂಡತಿಯನ್ನು ಬರೆದ, ಗದ್ದ ಮಾತ್ರ ಡ್ರಿಸ್ಕಲ್‌ರದು. ಬೈಯಲು ಬಂದವರೇ ಸ್ವಲ್ಪ ಹೊತ್ತು ನಿಂತು ನೋಡಿದರು.

ಕಳೆದ ಶುಕ್ರವಾರ ಅವರೇ ನಮ್ಮ ಬಂಡಿಗೆ ಬಂದರು. ಟರ್ನಿಪ್‌ನ ಮುಖವಿರುವ ಭಿತ್ತಿಪತ್ರಗಳು ಅಚ್ಚಾಗಿವೆಯಂತೆ. ಆ ಮುಖ ಹಾಕಿಕೊಂಡು ನಾನು ಆಡಬೇಕಂತೆ.

ನಮ್ಮಲ್ಲಿಯ ಕಟ್ಟುಪಾಡು ನಿನಗೆ ಗೊತ್ತು. ಒಬ್ಬ ಜೋಕರನ ಮುಖವನ್ನು ಇನ್ನೊಬ್ಬರು ಹಾಕಿದರೆ ಅವರ ಜೊತೆ ಯಾರೂ ಊಟಕ್ಕೆ ಕೂರುವುದಿಲ್ಲ. ಮುಖದ ಯಜಮಾನ ತನ್ನ ಕೈಯಾರೆ ಬರೆದುಕೊಟ್ಟರೆ ಮಾತ್ರ ಹಾಕಬಹುದು. ಕೊಟ್ಟ ಮುಖವನ್ನು ಮತ್ತೆ ಅವನು ಹಾಕುವಂತಿಲ್ಲ. ಆಗಸ್ಟಿನಲ್ಲಿ ಅಪ್ಪ ಬಿದ್ದ ದಿನ ಮಧ್ಯಾಹ್ನದ ಆಟಕ್ಕೆ ನಾನು ಅವನ ಮುಖ ಹಾಕಿದ್ದೆನಲ್ಲ, ಅದನ್ನು ಆಪತ್ತೆಂದು ಎಲ್ಲರೂ ಕ್ಷಮಿಸಿದ್ದರು. ಜನ ಒಂದೇ ನಿಮಿಷದಲ್ಲಿ ಗುರುತು ಹಿಡಿದು ಶಿಳ್ಳೆ ಹೊಡೆದು ಓಡಿಸಿದರು ಎಂದು ಆಸ್ಪತ್ರೆಯಲ್ಲಿ ಅಪ್ಪನಿಗೆ ಹೇಳಿದ್ದೆ. ನಿನಗೂ ಹಾಗೆಯೇ ಬರೆದಿದ್ದೆ. ಅಕ್ಕಾ, ಅದು ಸುಳ್ಳು.

ಅಪ್ಪ ಅದನ್ನೇ ಹಿಡಿದುಕೊಂಡು ಡ್ರಿಸ್ಕಲ್‌ಗೆ ಹೇಳಿದ, "ಜನ ಒಪ್ಪಲ್ಲ ಸಾಹೇಬ್ರೆ. ಕಾನ್ಸಸ್‌ನೋರು ಇವಳನ್ನ ಓಡಿಸ್ಲಿಲ್ವಾ?"

"ಯಾರಯ್ಯ ಹೇಳಿದ್ದು? ಒಬ್ಬನಿಗೂ ಗೊತ್ತಾಗ್ಲಿಲ್ಲ ಕಣೋ ಆಸಾ. ಹೊಟ್ಟೆ ಹಿಡ್ಕೊಂಡು ನಕ್ರು."

ಅಪ್ಪ ನನ್ನ ಕಡೆ ನೋಡಿದ. ನಾನು ಸೂಜಿ ನೋಡುತ್ತಿದ್ದೆ.

"ಹೌದೇನೇ ಅರ್ಲೀನ್?"

ಹೌದೆಂದು ತಲೆಯಾಡಿಸಿದೆ. ಬೇರೇನು ಮಾಡಲಿ, ನಿಜ ಹೇಳಿದವರು ಎದುರಿಗೇ ಇದ್ದರು.

ಮೂರು ದಿನ ಅಪ್ಪ ಬಣ್ಣ ಮುಟ್ಟಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಸ್ಟೂಲು ತೋರಿಸಿ "ಕೂತ್ಕೊ" ಎಂದ. ಬೇಡ ಅಪ್ಪ ಎಂದರೆ ಕೇಳಲಿಲ್ಲ. ಎಡಗೈಯಲ್ಲಿ ನನ್ನ ಮುಖದ ಮೇಲೆ ಬರೆಯುತ್ತಾ ಹೋದ. ಗೆರೆಗೊಮ್ಮೆ ನಿಲ್ಲಿಸಿ, ಉಸಿರು ಬಿಗಿಹಿಡಿದು, ಮತ್ತೆ ಬರೆಯುತ್ತಿದ್ದ. ಹುಬ್ಬೊಂದಕ್ಕೇ ಅರ್ಧ ಗಂಟೆ ಹಿಡಿಯಿತು. ಒಂದು ಗೆರೆಯೂ ತಪ್ಪಲಿಲ್ಲ. ಮುಗಿದ ಮೇಲೆ ದೂರ ನಿಂತು ಬಹಳ ಹೊತ್ತು ನೋಡಿದ.

"ಇಷ್ಟೇ ಕಣೇ ನಾನು ಇದ್ದಿದ್ದು" ಎಂದ.

ಆಮೇಲೆ ಕುಂಚಗಳನ್ನು ತೊಳೆದು ನನ್ನ ಮಡಿಲಲ್ಲಿಟ್ಟ. ಅಂದಿನಿಂದ ಗೋಡೆಗೆ ಮುಖ ಮಾಡಿ ಮಲಗಿದ್ದಾನೆ. ಅವರೆಕಾಳು ಬೇಯಿಸಿ ಜೋಳದ ರೊಟ್ಟಿ ಜೊತೆ ಕೊಟ್ಟರೆ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಾನೆ. "ಇವನು ಡೇರೆ ಏಳೋದನ್ನ ನೋಡಲ್ಲ ಕಣೇ, ನಿನ್ನ ಅಕ್ಕನಿಗೆ ಬರೆದುಬಿಡು" ಎಂದು ಹೇಜಲ್ ಅತ್ತೆ ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಆ ಮುಖ ಹಾಕುವುದಿಲ್ಲ ಎಂದರೆ ಅಪ್ಪ ಕೊಟ್ಟದ್ದು ವ್ಯರ್ಥ. ಹಾಕಿದರೆ ಅವನು ಬದುಕಿರುವಾಗಲೇ ಅವನ ಜಾಗದಲ್ಲಿ ನಿಂತಂತೆ. ಡ್ರಿಸ್ಕಲ್‌ಗೆ ಕ್ರಿಸ್‌ಮಸ್ ಒಳಗೆ ಉತ್ತರ ಬೇಕು. ಹಿರಿಯಳು ನೀನು, ಹೇಳು. ಸಾಧ್ಯವಾದರೆ ಬಂದು ಅವನ ಹತ್ತಿರ ಎರಡು ದಿನ ಕೂತು ಹೋಗು. ನಿನ್ನ ಕಡೆಗಾದರೂ ತಿರುಗಬಹುದು.

ಮಕ್ಕಳ ತಲೆಯನ್ನು ನನ್ನ ಪರವಾಗಿ ಸವರು. ನಿಮ್ಮ ಮನೆಯಲ್ಲಿ ಯಾರಿಗೂ ಕಾಯಿಲೆ ಬಾರದಂತೆ ದೇವರು ಕಾಯಲಿ.

ನಿನ್ನ ತಂಗಿ,
ಅರ್ಲೀನ್

ತಾ. ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದೆ. ಅಪ್ಪ ನೊಂದುಕೊಳ್ಳದಿರಲಿ ಎಂದು ಸುಳ್ಳು ಹೇಳಿದೆ ಅಂತ ಎಲ್ಲರಿಗೂ ಹೇಳಿದ್ದೇನೆ. ನಿನಗೆ ಮಾತ್ರ ನಿಜ ಬರೆಯುತ್ತೇನೆ, ನನ್ನ ತಪ್ಪು ಮುಚ್ಚಿಕೊಳ್ಳಲು ಹೇಳಿದ ಸುಳ್ಳು ಅದು. ನಾಲ್ಕು ಜನರೆದುರು ಹೆಸರು ಹೇಳಲೂ ನಾಚುವವಳು ನಾನು. ಆ ದಿನ ಡೇರೆಯ ತುಂಬ ಜನ ನನ್ನನ್ನು ನೋಡಿ ನಗುತ್ತಿದ್ದರು, ನನಗೆ ಸಾಕೆನಿಸಲೇ ಇಲ್ಲ. ಆಸ್ಪತ್ರೆಗೆ ಹೋಗಲು ಕಾರು ಕಾಯುತ್ತಿದೆ, ಅಪ್ಪ ಉಳಿಯುವುದು ಅನುಮಾನ ಎಂದು ಹೇಜಲ್ ಅತ್ತೆ ಪರದೆಯ ಸಂದಿಯಿಂದ ಎರಡು ಸಲ ಕರೆದಳು. ಎರಡು ಸಲವೂ ಕೇಳಿಸಿತು. ಕೇಳಿಸದವಳಂತೆ ಜನರ ಕಡೆ ತಿರುಗಿದೆ.